ಕಟ್ಟ ಕಟ್ಟುವುದೂ ಒಂದು ಯೋಜನೆಯೇ: ಐದು ಹಂತ, ಐದು ತೀರ್ಮಾನ

ತೋಡಿಗೆ ಕಟ್ಟ ಹಾಕುವುದು ಮಣ್ಣು-ಕಲ್ಲಿನ ಕೆಲಸ ಅಂತ ನಮ್ಮ ಲೆಕ್ಕ. ನಿಜಕ್ಕಾದರೆ ಅದರಲ್ಲಿ ಅರ್ಧ ತೀರ್ಮಾನದ ಕೆಲಸ. ಎಲ್ಲಿ, ಯಾವಾಗ, ಎಷ್ಟು ಎತ್ತರ, ಯಾರ ಖರ್ಚು, ಬಿಚ್ಚುವುದು ಯಾವಾಗ - ಇಷ್ಟಕ್ಕೆ ಸಮಯಕ್ಕೆ ಸರಿಯಾಗಿ ಉತ್ತರ ಸಿಕ್ಕಿದರೆ ಕಲ್ಲು ಜೋಡಿಸುವುದು ದೊಡ್ಡ ಸಂಗತಿಯಲ್ಲ. ಉತ್ತರ ಸಿಗದಿದ್ದರೆ ಎಷ್ಟು ಜನ ಇದ್ದರೂ ಕಟ್ಟ ಏಳುವುದಿಲ್ಲ.

ಕರಾವಳಿ, ಕಾಸರಗೋಡಿನ ಬೈಲುಗಳಲ್ಲಿ ಕಟ್ಟ ಹೊಸತಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಮೇಲೆ ಮಳೆ ಬೀಳುವ ಊರು ನಮ್ಮದು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಸಮುದ್ರ ಸೇರಿ ಆಗುತ್ತದೆ. ಅಡಿಕೆಗೆ ನೀರು ಬೇಕಾಗುವುದು ಅದು ಹೋದ ಮೇಲೆ, ಮೇ ಕೊನೆಯವರೆಗೆ. ಹಾಗಾಗಿ ಹಿರಿಯರು ತುಲಾ ತಿಂಗಳ ಮಳೆ ಮುಗಿದ ಮೇಲೆ ತೋಡಿಗೆ ಅಡ್ಡ ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪು ಹಾಕಿ ನೀರು ನಿಲ್ಲಿಸುತ್ತಿದ್ದರು. ಕಾಸರಗೋಡು ಜಿಲ್ಲೆಯ ಏತಡ್ಕದಂಥ ಕಡೆ ಒಂದರ ಕೆಳಗೆ ಒಂದರಂತೆ ಸಾಲು ಕಟ್ಟ ಹಾಕುವ ರೂಢಿ ಉಂಟು.

ಹಲವು ಬೈಲುಗಳಲ್ಲಿ ಈ ಪದ್ಧತಿ ನಿಂತಿದೆ. ಯಾಕೆ ಅಂತ ಕೇಳಿದ್ರೆ "ಜನ ಸಿಕ್ಕುದಿಲ್ಲ" ಎಂಬುದು ಸಿದ್ಧ ಉತ್ತರ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೊಳವೆಬಾವಿ ಕೊರೆಸುವ ಹಣದ ಸಣ್ಣ ಪಾಲಿನಲ್ಲಿ ಒಂದು ಸಾಮಾನ್ಯ ಕಟ್ಟದ ಕೆಲಸ ಮುಗಿಯುತ್ತದೆ. ನಿಂತದ್ದು ಬೇರೆ ಕಾರಣಕ್ಕೆ: "ಈ ಸಲ ಇಂಥ ದಿನ ಶುರು ಮಾಡುವ" ಎಂದು ಹೇಳುವವರು ಇಲ್ಲವಾದರು. "ಮತ್ತೆ ನೋಡುವ" ಎಂದು ಎಲ್ಲರೂ ಹೇಳಿದರು. ನೋಡುತ್ತಾ ಇದ್ದ ಹಾಗೆ ಜನವರಿ ಮುಗಿಯಿತು, ತೋಡು ಬತ್ತಿತು. ಒಂದು ವರ್ಷ ಬಿಟ್ಟರೆ ದಾರಿಯಲ್ಲಿ ಪೊದೆ ಬೆಳೆಯುತ್ತದೆ. ಎರಡು ವರ್ಷ ಬಿಟ್ಟರೆ ಕಲ್ಲು ಚದುರುತ್ತದೆ. ಮೂರನೇ ವರ್ಷಕ್ಕೆ ಯಾರಾದರೂ ಒಬ್ಬರು ಕೊಳವೆಬಾವಿ ಕೊರೆಸಿಯಾಗುತ್ತದೆ, ಅವರಿಗೆ ಕಟ್ಟದ ಅಗತ್ಯ ಇಲ್ಲ. ಅಲ್ಲಿಗೆ ಒಂದು ಬೈಲಿನ ನೂರು ವರ್ಷದ ರೂಢಿ ಮುಗಿಯಿತು. ಯಾರೂ "ಬೇಡ" ಎಂದು ತೀರ್ಮಾನ ಮಾಡಲಿಲ್ಲ. ತೀರ್ಮಾನ ಮಾಡದೇ ಇದ್ದದ್ದೇ ತೀರ್ಮಾನ ಆಯ್ತು.

ದೊಡ್ಡವರ ಶಾಸ್ತ್ರ, ನಮ್ಮ ರೂಢಿ

ಸೇತುವೆ, ಕಾರ್ಖಾನೆ, ಹಡಗು ಕಟ್ಟುವವರು ಕೆಲಸವನ್ನು ಹಂತ ಹಂತವಾಗಿ ನಡೆಸುವ ಒಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಕೆಲಸಗಳನ್ನು ತಾರೀಖಿನ ಎದುರು ಗೆರೆ ಎಳೆದು ತೋರಿಸುವ ಪಟ್ಟಿಯನ್ನು ಬಳಕೆಗೆ ತಂದರು. 1950ರ ದಶಕದ ಕೊನೆಗೆ ಡ್ಯೂಪಾಂಟ್ ಕಂಪೆನಿಯವರು ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ಹುಡುಕುವ ಲೆಕ್ಕ ಕಂಡುಕೊಂಡರು. ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕೆ ಇಂಥದೇ ಲೆಕ್ಕ ಹಾಕಿತು. ಇದನ್ನೆಲ್ಲ ಸೇರಿಸಿ ಇಂದು ಪುಸ್ತಕಗಳಲ್ಲಿ ಐದು ಹಂತ ಹೇಳ್ತಾರೆ: ಆರಂಭ, ಯೋಜನೆ, ಕಾಮಗಾರಿ, ಉಸ್ತುವಾರಿ, ಮುಕ್ತಾಯ.

ಕೇಳಲು ದೊಡ್ಡ ಮಾತು. ಆದರೆ ಕಟ್ಟ ಹಾಕುತ್ತಿದ್ದ ಅಜ್ಜಂದಿರಿಗೆ ಈ ಐದೂ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ಅವರಲ್ಲಿ ಇದ್ದದ್ದು ರೂಢಿ. ರೂಢಿ ಕಡಿದ ಕಡೆ ಅದನ್ನೇ ಕಾಗದದಲ್ಲಿ ಬರೆದು ನಡೆಸಬೇಕಾಗುತ್ತದೆ. ಹಂತ ಮಾಡುವುದರ ಗುಟ್ಟು ಇಷ್ಟೇ: ಒಂದೊಂದು ಹಂತದ ಬಾಗಿಲಲ್ಲಿ ಒಂದು ತೀರ್ಮಾನ ಕೂತಿರುತ್ತದೆ. ಅದು ಆಗದೆ ಒಳಗೆ ಕಾಲಿಡಬಾರದು. ಯಾಕೆಂದರೆ ಮೊದಲ ಬಾಗಿಲಲ್ಲಿ ಮನಸ್ಸು ಬದಲಿಸಿದರೆ ಹೋಗುವುದು ಒಂದು ಚಾದ ಖರ್ಚು. ಮೂರನೇ ಬಾಗಿಲಲ್ಲಿ ಬದಲಿಸಿದರೆ ಹೋಗುವುದು ಹತ್ತಾಳಿನ ಸಂಬಳ.

ಮುಂದಿನ ಲೆಕ್ಕಕ್ಕೆ ಒಂದು ಮಾದರಿ ಕಟ್ಟ ಇಟ್ಟುಕೊಳ್ಳೋಣ. ತೋಡಿನ ಅಗಲ 10 ಮೀಟರ್, ಕಟ್ಟದ ಎತ್ತರ 5 ಅಡಿ, ಅಂದರೆ 1.5 ಮೀಟರ್. ನೀರು ಹಿಂದಕ್ಕೆ 200 ಮೀಟರ್ ನಿಲ್ಲುತ್ತದೆ. ಕಟ್ಟದ ಬುಡದಲ್ಲಿ ಆಳ ಜಾಸ್ತಿ, ತುದಿಯಲ್ಲಿ ಸೊನ್ನೆ. ಸರಾಸರಿ 0.75 ಮೀಟರ್ ಹಿಡಿಯುವ. ನಿಮ್ಮ ತೋಡಿನ ಅಳತೆ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ಹಂತ ಒಂದು: ಬೇಕಾ, ಬೇಡವಾ

ಇಲ್ಲಿಯ ತೀರ್ಮಾನ ಒಂದೇ: ಈ ವರ್ಷ ಕಟ್ಟ ಹಾಕುವುದಾ ಇಲ್ಲವಾ. ಅದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು, ಎಂತಕ್ಕೆ? "ನೀರು ನಿಲ್ಲಲಿಕ್ಕೆ" ಎಂದರೆ ಸಾಲದು. "ತೋಡಿನ ಹರಿವು ನಿಂತ ಮೇಲೂ ನಾಲ್ಕು ವಾರ ನಾಲ್ಕು ಎಕ್ರೆ ತೋಟಕ್ಕೆ ನೀರು ಸಿಗಬೇಕು" - ಇಂಥ ಒಂದು ವಾಕ್ಯ ಬರೆಯಿರಿ. ಕೊನೆಗೆ ಕೆಲಸ ಗೆದ್ದಿತೋ ಸೋತಿತೋ ಎಂದು ಅಳೆಯುವ ಕೋಲು ಇದೇ.

ಎರಡನೆಯದು, ಆಗುವ ಹೋಗುವ ಸಂಗತಿಯಾ? ಮಾದರಿ ಕಟ್ಟದಲ್ಲಿ ನಿಲ್ಲುವ ನೀರು 10 x 200 x 0.75, ಅಂದರೆ 1,500 ಘನ ಮೀಟರ್, 15 ಲಕ್ಷ ಲೀಟರ್. ಒಂದೆಕ್ರೆಗೆ ಸುಮಾರು 550 ಅಡಿಕೆ ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ ಎಕ್ರೆಗೆ 11,000 ಲೀಟರ್. ನಾಲ್ಕು ಎಕ್ರೆಗೆ 44,000. ಇಷ್ಟಕ್ಕೆ ಬಿಡಬೇಡಿ, ಬಿಸಿಲು ಕುಡಿಯುವ ನೀರೂ ಉಂಟು. ನೀರಿನ ಮೇಲ್ಮೈ 2,000 ಚದರ ಮೀಟರ್, ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 10,000 ಲೀಟರ್. ಒಟ್ಟು 54,000. ಹರಿವು ಪೂರ್ತಿ ನಿಂತ ಮೇಲೆ ಈ ನೀರು 27-28 ದಿನಕ್ಕೆ. ಬುಡದಲ್ಲೂ ಬದಿಯಲ್ಲೂ ಇಂಗುವುದನ್ನು ಕಳೆದರೆ ಇನ್ನೂ ಕಡಿಮೆ. ಆದರೆ ಇಂಗಿದ್ದು ಪೂರ್ತಿ ನಷ್ಟ ಅಲ್ಲ, ಬದಿಯ ಬಾವಿ-ಕೆರೆಯ ಒರತೆಗೆ ಅದೇ ಆಧಾರ. ತುಂತುರು ಜೆಟ್ಟಿನಲ್ಲಿ ನೀರು ಬಿಡುವವರಿಗೆ ಇದಕ್ಕಿಂತ ಬೇಗ ಮುಗಿಯುತ್ತದೆ. ಹತ್ತೆಕ್ರೆಯವರು ಇದರ ಮೇಲೆ ಭರವಸೆ ಇಟ್ಟು ಕೂತರೆ ಏಪ್ರಿಲಿನಲ್ಲಿ ಜಗಳವೇ.

ಮೂರನೆಯದು, ಯಾರಿಗೆ ತೊಂದರೆ? ಮೇಲಿನವರ ತೋಟದ ಬುಡಕ್ಕೆ ನೀರು ಏರಿ ನಿಂತರೆ ಅಡಿಕೆಯ ಬೇರಿಗೆ ಒಳ್ಳೆಯದಲ್ಲ. ಕೆಳಗಿನವರ ಪಂಪಿಗೆ ನೀರು ಹೋಗದಿದ್ದರೆ ರಾತ್ರೋರಾತ್ರಿ ಕಟ್ಟ ಒಡೆಯುವ ಮಟ್ಟಕ್ಕೆ ಮನಸ್ತಾಪ ಬರಬಹುದು. ಇಬ್ಬರನ್ನೂ ಮೊದಲ ದಿನವೇ ಕರೆದು ಕೂರಿಸಿ. ಪಂಚಾಯತಿಗೂ ಒಂದು ಮಾತು ತಿಳಿಸಿ. ಕೆಲಸ ಮುಗಿದ ಮೇಲೆ ಹೇಳಿದರೆ ಅದು ಸುದ್ದಿ, ಮೊದಲು ಕೇಳಿದರೆ ಮಾತ್ರ ಒಪ್ಪಿಗೆ.

ಮೂರರಲ್ಲಿ ಒಂದಕ್ಕೆ ಉತ್ತರ ಸರಿ ಬಾರದಿದ್ದರೆ "ಈ ಜಾಗದಲ್ಲಿ ಬೇಡ" ಎಂದು ಧೈರ್ಯವಾಗಿ ಹೇಳಿ. ಬೇಡ ಎನ್ನುವುದೂ ಒಂದು ಒಳ್ಳೆಯ ತೀರ್ಮಾನವೇ, ಅದನ್ನು ಖರ್ಚಾಗುವ ಮೊದಲು ಹೇಳಿದರೆ.

ಹಂತ ಎರಡು: ಕಾಗದದ ಮೇಲೆ ಕಟ್ಟ

ಎರಡನೇ ಹಂತದ ತೀರ್ಮಾನ: ಎಲ್ಲಿ, ಎಷ್ಟು, ಯಾವಾಗ, ಯಾರು. ಜಾಗಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ತೋಡು ಕಿರಿದಾಗಿ, ಎರಡೂ ದಡ ಎತ್ತರವಾಗಿ, ಬುಡದಲ್ಲಿ ಪಾದೆ ಸಿಗುವ ಕಡೆ ಒಳ್ಳೆಯದು. ಹಳೆಯ ಕಟ್ಟದ ಕಲ್ಲಿನ ಗುರುತು ಇದ್ದರೆ ಅಲ್ಲಿಗೇ ಹೋಗಿ, ಹಿರಿಯರು ಹಲವು ವರ್ಷ ಪ್ರಯೋಗ ಮಾಡಿ ಹುಡುಕಿದ ಜಾಗ ಅದು.

ಕಷ್ಟ ಇರುವುದು "ಯಾವಾಗ" ಎಂಬಲ್ಲಿ. ಬೇಗ ಹಾಕಿದರೆ ತಡವಾಗಿ ಬಂದ ಒಂದು ಮಳೆಗೆ ಕೊಚ್ಚಿ ಹೋಗಬಹುದು. ತಡ ಮಾಡಿದರೆ ತುಂಬಲಿಕ್ಕೆ ನೀರೇ ಇಲ್ಲ. ಇದನ್ನು ಅಳೆದು ನೋಡುವ ಕ್ರಮ ಸುಲಭ. ತೋಡಿನ ಒಂದು ನೇರ ಭಾಗದಲ್ಲಿ 5 ಮೀಟರ್ ಅಳೆದು ಗುರುತು ಹಾಕಿ. ಒಂದು ಒಣ ಅಡಿಕೆ ಸಿಪ್ಪೆ ಬಿಟ್ಟು ಎಷ್ಟು ಸೆಕೆಂಡಿಗೆ ಮುಟ್ಟುತ್ತದೆ ನೋಡಿ. ನೀರು ಹರಿಯುವ ಅಗಲ ಒಂದೂವರೆ ಮೀಟರ್, ಆಳ 10 ಸೆಂಟಿಮೀಟರ್, ಸಿಪ್ಪೆ ಮುಟ್ಟಲು 60 ಸೆಕೆಂಡ್ ಆಯ್ತು ಅನ್ನಿ. ಮೇಲ್ಮೈಯಲ್ಲಿ ನೀರು ಸ್ವಲ್ಪ ವೇಗ, ಬುಡದಲ್ಲಿ ನಿಧಾನ, ಹಾಗಾಗಿ ಬಂದ ವೇಗದ ಎಂಟಾಣೆ-ಹತ್ತಾಣೆ ಅಲ್ಲ, ನೂರಕ್ಕೆ ಎಂಬತ್ತು ಹಿಡಿಯಬೇಕು. ಲೆಕ್ಕ ಹಾಕಿದರೆ ಸೆಕೆಂಡಿಗೆ 10 ಲೀಟರ್. ಈ ಹರಿವಿಗೆ ನಮ್ಮ 15 ಲಕ್ಷ ಲೀಟರಿನ ಕಟ್ಟ 42 ಗಂಟೆಯಲ್ಲಿ, ಎರಡು ದಿನದ ಒಳಗೆ ತುಂಬುತ್ತದೆ.

ಅದೇ ತೋಡಿನಲ್ಲಿ ಹರಿವು ಸೆಕೆಂಡಿಗೆ 1 ಲೀಟರಿಗೆ ಇಳಿದ ಮೇಲೆ ಕಟ್ಟಿದರೆ? ಲೆಕ್ಕದಲ್ಲಿ 17 ದಿನ. ನಿಜದಲ್ಲಿ ಅದು ತುಂಬುವುದೇ ಇಲ್ಲ. ಹೊಸ ಕಟ್ಟ ಸೋರುವುದು, ಇಂಗುವುದು ಸೆಕೆಂಡಿಗೆ ಒಂದು ಲೀಟರಿಗಿಂತ ಹೆಚ್ಚಾದರೆ ಬಂದದ್ದೆಲ್ಲ ಹೋಯಿತು. ಅಂದರೆ ತಡ ಮಾಡಿದ ಕಟ್ಟದ ಖರ್ಚು ಅಷ್ಟೇ, ಫಲ ಮಾತ್ರ ಇಲ್ಲ. ಬೇಗ ಹಾಕಿ ಕೊಚ್ಚಿ ಹೋದ ಕಟ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ, ನಾಲ್ಕು ಜನ ನಗುತ್ತಾರೆ. ತಡ ಮಾಡಿದ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಎಲ್ಲರೂ ತಡ ಮಾಡುವ ಕಡೆಗೇ ವಾಲುತ್ತಾರೆ.

ಇದಕ್ಕೆ ಮದ್ದು, ತಾರೀಖನ್ನು ಆಗ ಆಗ ಚರ್ಚೆ ಮಾಡದೆ ಮೊದಲೇ ಒಂದು ಗುರುತು ನಿಶ್ಚಯ ಮಾಡಿಕೊಳ್ಳುವುದು. ತೋಡಿನಲ್ಲಿ ಒಂದು ಕಲ್ಲು ಆರಿಸಿ. "ನೀರು ಈ ಕಲ್ಲಿನಿಂದ ಕೆಳಗೆ ಇಳಿದು ಎಂಟು ದಿನ ಮಳೆ ಬಾರದಿದ್ದರೆ ಒಂಬತ್ತನೇ ದಿನ ಕೆಲಸ ಶುರು" ಎಂದು ದೀಪಾವಳಿ ಹೊತ್ತಿಗೇ ಒಪ್ಪಿಕೊಳ್ಳಿ. ಜೊತೆಗೆ ಒಂದು ಕೊನೆಯ ತಾರೀಖನ್ನೂ ಇಡಿ. ಆಗ ತೀರ್ಮಾನ ಯಾರ ಮೇಲೂ ಇಲ್ಲ, ಕಲ್ಲಿನ ಮೇಲೆ. ಯಾರೂ ಯಾರನ್ನೂ ಬೈಯಬೇಕಾಗಿಲ್ಲ.

ಇನ್ನು ಕೆಲಸಗಳ ಅನುಕ್ರಮ. ಕಟ್ಟಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು ಅಂತ ಇಟ್ಟುಕೊಳ್ಳೋಣ. ತಳ ಸ್ವಚ್ಛ ಮಾಡಲು 1 ದಿನ, ಕಲ್ಲು ಒಟ್ಟು ಮಾಡಲು 2 ದಿನ, ಎರಡು ಬದಿಯಿಂದ ಗೋಡೆ ಏರಿಸಲು 2 ದಿನ, ಒಟ್ಟು 5. ಈ ಸಾಲಿನ ಪಕ್ಕದಲ್ಲೇ ಬೇರೆಯವರು ಚೀಲಕ್ಕೆ ಮಣ್ಣು ತುಂಬಬಹುದು, 3 ದಿನ. ಪೇಟೆಯಿಂದ ಅಳತೆಗೆ ಸರಿಯಾದ ಹಾಳೆ ತರಿಸಲು 7 ದಿನ. ಕೊನೆಗೆ ನಡುವಿನ ಬಾಯಿ ಮುಚ್ಚಿ ಹಾಳೆ ಹೊದಿಸಲು 1 ದಿನ.

ಈಗ ಹೇಳಿ, ಇಡೀ ಕೆಲಸ ಎಷ್ಟು ದಿನ? ಎಲ್ಲ ಕೂಡಿಸಿದರೆ 16. ಒಟ್ಟೊಟ್ಟಿಗೆ ಮಾಡಿದರೆ 8. ಹಾಳೆಯ 7, ಮುಚ್ಚುವ 1. ಕಲ್ಲು ಹೊರುವವರು ಒಂದು ದಿನ ಬಾರದಿದ್ದರೂ ಎಂತದೂ ಆಗುವುದಿಲ್ಲ, ಆ ಸಾಲಿಗೆ 2 ದಿನ ಪುರುಸೊತ್ತು ಉಂಟು. ಹಾಳೆ ಒಂದು ದಿನ ತಡವಾದರೆ ಕಟ್ಟವೇ ಒಂದು ದಿನ ತಡ. ನಾವು ಸಾಧಾರಣ ಗಲಾಟೆ ಮಾಡುವುದು ಕೆಲಸಕ್ಕೆ ಬಾರದ ಜನರ ಬಗ್ಗೆ, ಫೋನ್ ಮಾಡಿ ವಿಚಾರಿಸಬೇಕಾದದ್ದು ಹಾಳೆಯ ಅಂಗಡಿಗೆ. ಡ್ಯೂಪಾಂಟ್‌ನವರು ಕಂಡುಕೊಂಡ ಲೆಕ್ಕ ಇದೇ. ಉಪಾಯವೂ ಇಲ್ಲೇ ಉಂಟು: ಹಾಳೆಯನ್ನು ಅಕ್ಟೋಬರಿನಲ್ಲೇ ತಂದಿಟ್ಟರೆ ಕೆಲಸ 8 ದಿನದಿಂದ 6ಕ್ಕೆ ಇಳಿಯುತ್ತದೆ. ಒಬ್ಬ ಆಳೂ ಹೆಚ್ಚು ಬೇಕಾಗಿಲ್ಲ.

ಒಂದೇ ತೋಡಿಗೆ ಸಾಲು ಕಟ್ಟ ಇರುವ ಕಡೆ ಯಾರು ಮೊದಲು ಎಂಬುದೂ ಅನುಕ್ರಮದ ಪ್ರಶ್ನೆಯೇ. ಮೇಲಿನ ಕಟ್ಟ ಮೊದಲು ಮುಚ್ಚಿದರೆ ಅದು ತುಂಬುವವರೆಗೆ ಕೆಳಗೆ ಒಂದೆರಡು ದಿನ ಹರಿವು ಕಡಿಮೆ. ಅಷ್ಟರಲ್ಲಿ ಕೆಳಗಿನವರು ಸಲೀಸಾಗಿ ಕೆಲಸ ಮುಗಿಸಬಹುದು. ಕೆಳಗಿನದ್ದು ಮೊದಲು ತುಂಬಿದರೆ ಅದರ ನೀರು ಮೇಲಿನ ಕಟ್ಟದ ಬುಡಕ್ಕೆ ಬಂದು ನಿಲ್ಲುತ್ತದೆ, ಮೇಲಿನವರು ಸೊಂಟದ ನೀರಿನಲ್ಲಿ ಕಲ್ಲಿಡಬೇಕು.

ಖರ್ಚಿನ ಪಾಲನ್ನು ಈ ಹಂತದಲ್ಲೇ ಬರೆದು ಮುಗಿಸಿ. ಎಕ್ರೆ ಲೆಕ್ಕವೋ, ಪಂಪಿನ ಲೆಕ್ಕವೋ, ಆಳು ಕೊಡುವವರಿಗೆ ಎಷ್ಟು ಬಿಡುವು - ಯಾವುದಾದರೂ ಸರಿ, ಒಂದೇ ಲೆಕ್ಕ ಎಲ್ಲರಿಗೂ.

ಹಂತ ಮೂರು: ಕೈ ಕೆಸರು

ಇಲ್ಲಿಂದ ಹಣ ಖರ್ಚಾಗಲು ಸುರು. ಈ ಹಂತದ ತೀರ್ಮಾನ: ತೋಡಿನ ಬಾಯಿ ಮುಚ್ಚುವ ದಿನ ಯಾವುದು. ಎರಡು ಬದಿಯಿಂದ ಗೋಡೆ ತಂದು ನಡುವಿನಲ್ಲಿ ನೀರಿಗೆ ದಾರಿ ಬಿಟ್ಟಿರುತ್ತೇವೆ. ಅಲ್ಲಿಯವರೆಗೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ನಾಳೆ ಮುಂದುವರಿಸಬಹುದು. ಬಾಯಿ ಮುಚ್ಚಲು ಕೈ ಹಾಕಿದ ಮೇಲೆ ನಿಲ್ಲಿಸಲಿಕ್ಕಿಲ್ಲ. ನೀರು ಏರುತ್ತಾ ಬರುತ್ತದೆ, ಅದಕ್ಕಿಂತ ಮೊದಲು ಕಟ್ಟ ಏರಬೇಕು. ಹಾಗಾಗಿ ಹಿಂದಿನ ಸಂಜೆಯೇ ನೋಡಿಕೊಳ್ಳಿ: ಚೀಲ ತುಂಬಿ ಆಗಿದೆಯಾ, ಹಾಳೆ ಬಂದಿದೆಯಾ, ನಾಳೆಗೆ ಜನ ಗ್ಯಾರಂಟಿಯಾ, ಆಕಾಶ ಹೇಗುಂಟು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮರುದಿನ ಬಾಯಿ ಮುಟ್ಟಬೇಡಿ. ಎಲ್ಲ ಇದ್ದರೆ ಬೆಳಗ್ಗೆಯೇ ಸುರು ಮಾಡಿ ಹಗಲಿನಲ್ಲೇ ಮುಗಿಸಿ.

ಕೆಲಸದ ಜಾಗದಲ್ಲಿ ಹೇಳುವವರು ಒಬ್ಬರೇ ಇರಲಿ. ಸಭೆಯಲ್ಲಿ ಎಲ್ಲರಿಗೂ ಬಾಯಿ ಉಂಟು, ತೋಡಿನಲ್ಲಿ ಒಬ್ಬರಿಗೆ ಮಾತ್ರ. ಅವರು ಹೆಚ್ಚು ಜಾಗ ಇರುವವರು ಆಗಬೇಕಾಗಿಲ್ಲ, ಹೆಚ್ಚು ಕಟ್ಟ ನೋಡಿದವರು ಆಗಬೇಕು.

ಮೂರನೇ ಹಂತದಲ್ಲಿ ತಪ್ಪದೆ ಬರುವ ಒಂದು ಮಾತು ಉಂಟು: "ಹೇಗೂ ಇಷ್ಟು ಆಗಿದೆ, ಇನ್ನೊಂದಡಿ ಏರಿಸುವ." ಜನ ಇದ್ದಾರೆ, ಕಲ್ಲು ಉಳಿದಿದೆ, ಉಮೇದು ಉಂಟು. ಆದರೆ ನೀರಿನ ಒತ್ತಡ ಎತ್ತರದ ವರ್ಗಕ್ಕೆ ಸರಿಯಾಗಿ ಏರುತ್ತದೆ. 1 ಮೀಟರ್ ನೀರು ನಿಂತರೆ ಕಟ್ಟದ ಒಂದು ಮೀಟರ್ ಉದ್ದದ ಮೇಲೆ ಬೀಳುವ ದೂಡುವ ಬಲ 500 ಕಿಲೋ ಭಾರದಷ್ಟು. ಒಂದೂವರೆ ಮೀಟರಿಗೆ 1,125 ಕಿಲೋ. 2 ಮೀಟರಿಗೆ 2,000 ಕಿಲೋ. 5 ಅಡಿಯನ್ನು 6 ಅಡಿ ಮಾಡಿದರೆ ಎತ್ತರ ಹೆಚ್ಚಾದದ್ದು ನೂರಕ್ಕೆ 20, ಒತ್ತಡ ಹೆಚ್ಚಾದದ್ದು ನೂರಕ್ಕೆ 44. ಬುಡದ ಅಗಲವನ್ನು 5 ಅಡಿಯ ಎತ್ತರಕ್ಕೆ ಹಾಕಿ ಆಗಿದೆ, ಈಗ ಅದನ್ನು ಹಿಗ್ಗಿಸಲಿಕ್ಕಾಗುವುದಿಲ್ಲ. ಮೇಲಿನವರ ಒಪ್ಪಿಗೆ ಪಡೆದದ್ದೂ 5 ಅಡಿಗೇ. ಎತ್ತರ ಬೇಕಾದರೆ ಬರುವ ವರ್ಷ ಎರಡನೇ ಹಂತದಲ್ಲಿ ಮಾತಾಡಿ. ಇವತ್ತು ಬೇಡ.

ತುಂಬಿದ ಮೇಲೆ ಹೆಚ್ಚಾದ ನೀರು ಹೋಗಲು ಒಂದು ಬದಿಯಲ್ಲಿ, ಗಟ್ಟಿ ಜಾಗದಲ್ಲಿ ಕೋಡಿ ಇರಲೇಬೇಕು. ಕೆಳಗಿನವರ ಪಾಲು ಹೋಗುವುದೂ ಅಲ್ಲೇ.

ಹಂತ ನಾಲ್ಕು: ಕಣ್ಣು

ಉಸ್ತುವಾರಿ ಎಂದರೆ ಕೆಲಸ ಮುಗಿದ ಮೇಲೆ ಶುರುವಾಗುವುದು ಎಂದು ಎಣಿಸುವುದುಂಟು. ಅದು ಮೊದಲ ಕಲ್ಲಿನಿಂದಲೇ ಶುರು. ಆದರೆ ಕಟ್ಟದಲ್ಲಿ ಅದರ ಭಾರ ಹೆಚ್ಚು ಬೀಳುವುದು ನೀರು ನಿಂತ ಮೇಲೆ.

ಮೊದಲ ವಾರ ದಿನಾ ಬೆಳಗ್ಗೆ ಒಬ್ಬರು ಹೋಗಿ ನೋಡಬೇಕು. ಸೋರುವ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ, ಕೆಂಪಾಗಿದ್ದರೆ ಮಣ್ಣು ಹೋಗುತ್ತಿದೆ ಎಂದು ಅರ್ಥ, ಆ ದಿನವೇ ಮದ್ದು ಮಾಡಬೇಕು. ಏಡಿ ಮಾಡಿದ ಮಾಟೆ ಸಣ್ಣದರಲ್ಲೇ ಮುಚ್ಚಿದರೆ ಒಂದು ಬುಟ್ಟಿ ಮಣ್ಣು, ಬಿಟ್ಟರೆ ಒಂದು ಗಾಡಿ. ಒಂದು ಬಿದಿರಿನ ಕೋಲಿಗೆ ಅರ್ಧ ಅಡಿಗೊಂದರಂತೆ ಬಣ್ಣ ಹಚ್ಚಿ ನೀರಿನಲ್ಲಿ ನಿಲ್ಲಿಸಿ. ವಾರಕ್ಕೊಮ್ಮೆ ಎಷ್ಟು ಇಳಿಯಿತು ಬರೆದಿಡಿ. ಪಂಪಿನ ಸರದಿ ಬದಲಿಸಬೇಕಾದರೆ ಆ ಬರಹವೇ ಸಾಕ್ಷಿ. ಇಲ್ಲವಾದರೆ "ನೀನು ಹೆಚ್ಚು ಎಳೆದೆ, ನಾನು ಕಡಿಮೆ ಎಳೆದೆ" ಎಂಬ ಮಾತಿಗೆ ಕೊನೆ ಇಲ್ಲ.

ಈ ಹಂತದ ತೀರ್ಮಾನ ಒಂದೇ, ಆದರೆ ಅದು ರಾತ್ರಿ ಬರುತ್ತದೆ: ಅಕಾಲದಲ್ಲಿ ದೊಡ್ಡ ಮಳೆ ಬಂದರೆ ಕಟ್ಟ ತೆರೆಯುವುದಾ, ಬಿಡುವುದಾ? ತೆರೆದರೆ ನೀರು ಹೋಯಿತು. ತೆರೆಯದಿದ್ದರೆ ಕಟ್ಟವೂ ಹೋಗಬಹುದು, ದಡದ ತೋಟವೂ. ಆ ಹೊತ್ತಿಗೆ ಸಭೆ ಕರೆಯಲಿಕ್ಕಾಗುವುದಿಲ್ಲ. ಆದಕಾರಣ ಉತ್ತರವನ್ನು ಬಿಸಿಲಿರುವಾಗಲೇ ಬರೆದಿಡಬೇಕು. "ನೀರು ಕೋಲಿನ ಕೆಂಪು ಗುರುತು ಮುಟ್ಟಿದರೆ ಹತ್ತಿರದ ಮನೆಯವರು ಯಾರನ್ನೂ ಕೇಳದೆ ಬದಿಯ ಚೀಲ ತೆಗೆಯಬಹುದು. ಮರುದಿನ ಅವರನ್ನು ಯಾರೂ ಪ್ರಶ್ನೆ ಮಾಡಬಾರದು." ಎರಡನೇ ವಾಕ್ಯ ಮೊದಲನೆಯದಕ್ಕಿಂತ ಮುಖ್ಯ. ಅದಿಲ್ಲದಿದ್ದರೆ ರಾತ್ರಿ ಹೊತ್ತು ಯಾರೂ ಟಾರ್ಚು ಹಿಡಿದು ಇಳಿಯುವುದಿಲ್ಲ. ಮಳೆಯ ಹೊತ್ತಿನಲ್ಲಿ ಒಬ್ಬರೇ ಇಳಿಯಬಾರದು ಎಂಬುದನ್ನೂ ಸೇರಿಸಿ ಬರೆಯಿರಿ.

ಹಂತ ಐದು: ಬಿಚ್ಚುವುದು

ನಮ್ಮಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಹಂತ ಇದು. ನೀರು ಮುಗಿದ ಕೂಡಲೇ ಕಟ್ಟದ ಮೇಲೆ ಆಸಕ್ತಿಯೂ ಮುಗಿಯುತ್ತದೆ. "ಮಳೆ ಬಂದರೆ ಅದೇ ಕೊಚ್ಚಿಕೊಂಡು ಹೋಗ್ತದೆ" ಎನ್ನುವವರಿದ್ದಾರೆ. ಹೋಗುತ್ತದೆ, ನಿಜ. ಹಾಳೆ, ಚೀಲ ಎಲ್ಲ ಕೆಳಗಿನವರ ತೋಟಕ್ಕೆ, ಅಲ್ಲಿಂದ ಹೊಳೆಗೆ. ಮಣ್ಣು ಸೊಪ್ಪಿನ ಕಾಲದಲ್ಲಿ ನಡೆಯುತ್ತಿದ್ದ ಮಾತು ಪ್ಲಾಸ್ಟಿಕ್ಕಿನ ಕಾಲದಲ್ಲಿ ನಡೆಯುವುದಿಲ್ಲ. ಅರ್ಧ ಕಟ್ಟ ಕೊಚ್ಚಿ ಇನ್ನರ್ಧ ಉಳಿದರೆ ಮೊದಲ ನೆರೆಗೆ ನೀರು ಬದಿಯ ದಡವನ್ನೇ ಕೊರೆಯುತ್ತದೆ, ಬರುವ ವರ್ಷಕ್ಕೆ ಜಾಗವೇ ಹಾಳು.

ತಾರೀಖಿಗೆ ನಮ್ಮಲ್ಲಿ ಒಳ್ಳೆಯ ಗುರುತು ಉಂಟು, ಪತ್ತನಾಜೆ. ಮೇ 24-25ರ ಹೊತ್ತಿಗೆ ಬರುವ ಆ ದಿನದ ಒಳಗೆ ಕಟ್ಟ ಬಿಚ್ಚಿ ಆಗಬೇಕು ಎಂದು ಇಟ್ಟುಕೊಳ್ಳಿ. ಹಾಳೆ ಒಣಗಿಸಿ, ಮಡಚಿ, ಇಲಿ ಬಾರದ ಜಾಗದಲ್ಲಿ ಕಟ್ಟಿಡಿ. ಕಲ್ಲನ್ನು ನೆರೆ ಮುಟ್ಟದ ದಡದಲ್ಲಿ ರಾಶಿ ಹಾಕಿ. ಇದರಿಂದಲೇ ಬರುವ ವರ್ಷದ ಕಲ್ಲಿನ 2 ದಿನ, ಹಾಳೆಯ 7 ದಿನ ಉಳಿಯಿತು.

ಅದೇ ದಿನ ಸಂಜೆ ಲೆಕ್ಕ ಓದಿ. ಎಷ್ಟು ಆಳು, ಎಷ್ಟು ಹಣ, ಯಾರಿಂದ ಬರಬೇಕು. ಮೊದಲ ಹಂತದಲ್ಲಿ ಬರೆದ ಒಂದು ವಾಕ್ಯವನ್ನು ತೆಗೆದು ಓದಿ: ನಾಲ್ಕು ವಾರ ಅಂದಿದ್ದೆವು, ಎಷ್ಟು ಬಂತು? ಕಡಿಮೆ ಬಂದಿದ್ದರೆ ಯಾಕೆ? ಸೋರಿದ್ದಾ, ತಡವಾದದ್ದಾ, ಹೆಚ್ಚು ಎಳೆದದ್ದಾ? ಈ ಹಂತದ ತೀರ್ಮಾನ: ಬರುವ ವರ್ಷದ ಮೊದಲ ಸಭೆ ಯಾವ ದಿನ, ಯಾರ ಮನೆಯಲ್ಲಿ. ಇದನ್ನು ನಿಶ್ಚಯ ಮಾಡದೆ ಎದ್ದು ಹೋದರೆ ಕಟ್ಟ ಬಿಚ್ಚಿದ್ದಲ್ಲ, ಗುಂಪು ಬಿಚ್ಚಿದ್ದು.

ಕಿಂಡಿ ಅಣೆಕಟ್ಟುಗಳು ಕಲಿಸುವ ಪಾಠವೂ ಇದೇ. ಸಿಮೆಂಟಿನ ಕಂಬ, ನಡುವೆ ಹಲಗೆ ಇಳಿಸುವ ಕಿಂಡಿ. ಕಟ್ಟುವ ಕೆಲಸ ಒಂದು ಸಲಕ್ಕೆ ಮುಗಿಯುತ್ತದೆ. ಆದರೆ ಪ್ರತಿ ವರ್ಷ ಮಳೆ ಮುಗಿದ ಮೇಲೆ ಹಲಗೆ ಹಾಕುವುದು, ಮಳೆಗೆ ಮೊದಲು ತೆಗೆಯುವುದು ಯಾರು? ಈ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ಅಣೆಕಟ್ಟು ನಿಂತೇ ಇದೆ, ನೀರು ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಕಾಮಗಾರಿ ಮುಗಿದಿದೆ, ನಾಲ್ಕನೇ ಮತ್ತು ಐದನೇ ಹಂತಕ್ಕೆ ಯಜಮಾನರಿಲ್ಲ.

ತೀರ್ಮಾನ ಮಾಡುವ ಕ್ರಮ

ಐದು ಹಂತಕ್ಕೂ ಹೊಂದುವ ಮೂರು ಮಾತು.

ತಿದ್ದಬಹುದಾದ ತೀರ್ಮಾನವನ್ನು ಬೇಗ ಮಾಡಿ, ತಿದ್ದಲಾಗದ್ದನ್ನು ನಿಧಾನಕ್ಕೆ. ಕಲ್ಲು ಎಲ್ಲಿ ರಾಶಿ ಹಾಕುವುದು ಎಂದು ಅರ್ಧ ಗಂಟೆ ಚರ್ಚಿಸಿ, ಎತ್ತರವನ್ನು ಎರಡು ನಿಮಿಷದಲ್ಲಿ ಮುಗಿಸುವ ಸಭೆಗಳಿಗೆ ಬರಗಾಲವಿಲ್ಲ. ಅದು ತಿರುಗಾಮುರುಗಾ ಆಗಬೇಕು.

ಹಾಕಿದ ಹಣದ ಮುಖ ನೋಡಿ ಮುಂದಿನ ಹಣ ಹಾಕಬೇಡಿ. ಕೊಚ್ಚಿ ಹೋದ ಕಟ್ಟವನ್ನು ಮತ್ತೆ ಕಟ್ಟುವುದಾ ಬಿಡುವುದಾ ಎಂಬ ಪ್ರಶ್ನೆ ಬಂದರೆ "ಅಷ್ಟು ಖರ್ಚು ಮಾಡಿದ್ದೇವಲ್ಲ" ಎಂಬುದು ಉತ್ತರವಲ್ಲ. ಆ ಹಣ ಹೊಳೆ ಸೇರಿ ಆಯ್ತು. ಈಗ ಹರಿವು ಎಷ್ಟುಂಟು, ಇನ್ನೆಷ್ಟು ಆಳು ಬೇಕು, ಎಷ್ಟು ದಿನದ ನೀರು ಸಿಕ್ಕೀತು - ಇಷ್ಟು ನೋಡಿ ಹೇಳಿ. ಸಿಪ್ಪೆ ಬಿಟ್ಟು ಮತ್ತೊಮ್ಮೆ ಅಳೆಯಲು ಹತ್ತು ನಿಮಿಷ ಸಾಕು. ಹರಿವು ಚೆನ್ನಾಗಿದ್ದರೆ ಮತ್ತೆ ಕಟ್ಟುವುದೇ ಸರಿ ಎಂದೂ ಬರಬಹುದು.

ಹಂತ ಎಂದರೆ ಹಿಂದೆ ಹೋಗಬಾರದ ಮೆಟ್ಟಿಲಲ್ಲ. ಡಿಸೆಂಬರಿನಲ್ಲಿ ಅಗೆಯುವಾಗ ಬುಡದಲ್ಲಿ ಪಾದೆ ಸಿಗದೆ ಮರಳೇ ಸಿಕ್ಕಿದರೆ ಕೆಲಸ ನಿಲ್ಲಿಸಿ ಎರಡನೇ ಹಂತಕ್ಕೆ ಹೋಗಿ, ಜಾಗ ಬದಲಿಸಿ. ನಾಚಿಕೆ ಬೇಡ.

ಪುಸ್ತಕದ ಒಂದು ಪುಟ

ಕಟ್ಟದ ಪುಸ್ತಕ ಎಂದು ಒಂದು ನೂರು ಪುಟದ ನೋಟ್‌ಬುಕ್ ಸಾಕು. ವರ್ಷಕ್ಕೆ ಒಂದೇ ಪುಟ, ಹತ್ತು ಸಾಲು:

1. ಈ ವರ್ಷದ ಉದ್ದೇಶ, ಒಂದು ವಾಕ್ಯ.
2. ಹರಿವಿನ ಅಳತೆ, ತಾರೀಖು ಸಮೇತ.
3. ಮೇಲಿನವರ, ಕೆಳಗಿನವರ ಒಪ್ಪಿಗೆ ಮತ್ತು ರುಜು.
4. ಜಾಗ, ಎತ್ತರ, ಕೋಡಿ ಯಾವ ಬದಿ.
5. ಕೆಲಸ ಶುರು ಮಾಡುವ ಗುರುತು ಮತ್ತು ಕೊನೆಯ ತಾರೀಖು.
6. ಯಾವ ಸಾಮಾನು ಮೊದಲೇ ತರಬೇಕು, ಯಾರು.
7. ಖರ್ಚಿನ ಪಾಲು.
8. ಮಳೆ ಬಂದರೆ ತೆರೆಯುವವರು, ಯಾವ ಗುರುತಿಗೆ.
9. ಬಿಚ್ಚುವ ದಿನ, ಸಾಮಾನು ಎಲ್ಲಿ ಇಟ್ಟಿದೆ.
10. ಸಿಕ್ಕಿದ ಫಲ, ಬರುವ ವರ್ಷದ ಸಭೆಯ ದಿನ.

ಈ ಹತ್ತು ಸಾಲು ಕಟ್ಟಕ್ಕೆ ಮಾತ್ರ ಎಂದಿಲ್ಲ. ಕೆರೆ ಹೂಳೆತ್ತುವುದಕ್ಕೆ, ಅಡಿಕೆ ಒಣಗಿಸುವ ಅಂಗಳಕ್ಕೆ, ಹೊಸ ತೋಟ ಹಾಕುವುದಕ್ಕೆ ಶಬ್ದ ಬದಲಿಸಿ ಬಳಸಬಹುದು. ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಬಿಡಬೇಡಿ.

ತುಲಾ ತಿಂಗಳು ಬರುವ ಮೊದಲೇ ನಿಮ್ಮ ತೋಡಿನ ದಡದಲ್ಲಿ ಒಮ್ಮೆ ನಡೆದು ನೋಡಿ. ಹಳೆಯ ಕಟ್ಟದ ನಾಲ್ಕು ಕಲ್ಲು ಎಲ್ಲಾದರೂ ಉಳಿದಿರಬಹುದು. ಸಿಕ್ಕಿದರೆ ಪಕ್ಕದ ಮನೆಯವರನ್ನು ಅದೇ ಸಂಜೆ ಕರೆದುಬಿಡಿ.